ಕೇಳದೆ ಹಾಕಿದ ನೀರು

ಮೊನ್ನೆ ಮೊಮ್ಮಗಳ ಹೆರಿಗೆಗೆ ಅಂತ ಸಿಂದಗಿಯ ದವಾಖಾನೆಗೆ ಹೋಗಿದ್ದೆ. ಒಳಗೆ ಕಾಲಿಟ್ಟರೆ ಮೂಲೆಯ ನಳದ ಹತ್ತಿರ ಒಬ್ಬ ಆಯಾ ಕೆಂಪು ಸಾಬೂನು ಹಚ್ಚಿಕೊಂಡು ಮೊಣಕೈವರೆಗೆ ಕೈ ತೊಳೆಯುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿಯಿತು. ಮೊಮ್ಮಗಳಿಗೆ ಬ್ಯಾನೆ ಎಷ್ಟು ಬಂದಿದೆ ಅಂತ ಕೇಳಬೇಕಾದವಳು ಬಾಗಿಲಲ್ಲೇ ನಿಂತುಬಿಟ್ಟೆ. ಇಷ್ಟು ವರ್ಷವಾದರೂ ಆ ವಾಸನೆಗೆ ನೆನಪಾಗುವವಳು ಒಬ್ಬಳೇ, ನೆನಪಾದ ಕೂಡಲೇ ಹೊಟ್ಟೆಯಲ್ಲಿ ಏಳುವುದೂ ಅದೇ ಹಳೆಯ ಕಿಚ್ಚು. ನನ್ನ ಹಲ್ಲು ಬಿದ್ದವು, ಕೂದಲು ಬೆಳ್ಳಗಾದವು, ಹೊಟ್ಟೆಕಿಚ್ಚಿಗೆ ಮಾತ್ರ ಇನ್ನೂ ಮುಪ್ಪು ಬಂದಿಲ್ಲ.

ನನ್ನ ಅತ್ತೆ ಗುರಬಸವ್ವ ಭೀಮಾ ದಂಡೆಯ ನಮ್ಮೂರಿನ ಸೂಲಗಿತ್ತಿ. ದೇವಣಗಾಂವದ ಆಚೆ ಈಚೆಯ ಹಳ್ಳಿಗಳಲ್ಲೆಲ್ಲ ಹೆರಿಗೆ ಅಂದರೆ ಆಕೆಗೇ ಕರೆ ಬರುತ್ತಿತ್ತು. ನಾನು ವಿಜಾಪುರದ ಮಿಶನ್ ಸಾಲಿಯಲ್ಲಿ ಏಳನೇ ಇಯತ್ತೆವರೆಗೆ ಓದಿ ಆ ಮನೆಗೆ ಸೊಸೆಯಾಗಿ ಬಂದವಳು. ಬಂದ ವರ್ಷವೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ, ಈ ಕಸುಬು ಅತ್ತೆಯ ನಂತರ ನನ್ನದು ಅಂತ. ಆಕೆಯ ಹಿಂದೆ ಎಣ್ಣೆ ಹೊತ್ತೆ, ನೀರು ಕಾಸಿದೆ, ಹರಕು ಬಟ್ಟೆ ಒಗೆದೆ. ಆದರೆ ಕೂಸು ಹಿಡಿಯುವ ಹೊತ್ತಿಗೆ ನನ್ನನ್ನು ಹೊಸ್ತಿಲಿನ ಹೊರಗೆ ಕಳಿಸುತ್ತಿದ್ದಳು.

"ನಿನ್ನ ಕೈ ಭಾರ ಐತಿ ನೀಲಾ. ರೊಟ್ಟಿ ಬಡಿಯಾಕ ಬರೋಬ್ಬರಿ ಐತಿ, ಕೂಸು ಹಿಡಿಯಾಕಲ್ಲ" ಅನ್ನುತ್ತಿದ್ದಳು.

ಸೂಲಗಿತ್ತಿಗೆ ನಮ್ಮ ಕಡೆ ಹೇಳುವ ದೊಡ್ಡ ಮಾತು ಅಂದರೆ 'ಕೈ ಹಗರ ಐತಿ' ಅನ್ನುವುದು. ಅತ್ತೆಯ ಬಾಯಿಂದ ಆ ಒಂದು ಮಾತು ಕೇಳಬೇಕು ಅಂತ ನಾನು ಎಷ್ಟು ಹಾತೊರೆದೆ ಅಂತ ಹೇಳಿದರೆ ನೀವು ನಗುತ್ತೀರಿ. ಗಂಡ ಸಂತೆಯಿಂದ ಇಳಕಲ್ ಸೀರೆ ತಂದರೂ ನನಗೆ ಅಷ್ಟು ಆಸೆ ಆಗಲಿಲ್ಲ.

ಅಂಥ ದಿನಗಳಲ್ಲಿ ಬಂದಳು ಸಿಸ್ಟರ್ ಬಾಯಿ, ಕ್ರೈಸ್ತ ಸನ್ಯಾಸಿನಿ. ಊರವರಿಗೆ ಬರೀ 'ಬಾಯಿ'. ನಮ್ಮ ಜಿಲ್ಲೆ ಮುಂಬಯಿ ಸರಕಾರ ಬಿಟ್ಟು ಮೈಸೂರು ಸರಕಾರಕ್ಕೆ ಸೇರಿ ಒಂದೆರಡು ವರ್ಷವಾಗಿತ್ತು. ಮಿರಗದ ಮಳೆ ಒಂದು ಸಲ ಹೊಡೆದು ಹೋಗಿತ್ತು. ಹತ್ತಿ ವ್ಯಾಪಾರದ ಮೌಲಾಸಾಬರು, ತಲೆಮಾರುಗಳಿಂದ ಊರಿನವರೇ, ತಮ್ಮ ಮನೆಯ ಮುಂಭಾಗದ ಕೋಣೆಗಳನ್ನು ಆಕೆಯ ದವಾಖಾನೆಗೆ ಬಿಟ್ಟುಕೊಟ್ಟರು. ಬಿಳಿ ಸೀರೆ, ಬಿಸಿಲಿಗೆ ಕೆಂಪಾದ ಮುಖ, ಕೊರಳಲ್ಲಿ ಒಂದು ಶಿಲುಬೆ. ಸಮುದ್ರ ದಾಟಿ ಬಂದವಳು. ಮಂಗಳೂರಿನಲ್ಲಿ ಪುಸ್ತಕ ಹಿಡಿದು ಕನ್ನಡ ಕಲಿತಿದ್ದಳು, ಅದರ ಬಾಲಕ್ಕೆ ನಮ್ಮೂರಿನ 'ರಿ' ಕಟ್ಟಿ ಮಾತಾಡುತ್ತಿದ್ದಳು. ಮೊದಲ ವಾರವೇ ಮೌಲಾಸಾಬರ ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಹೇಳಿದಳು:

"ನಾನು ಪರದೇಶದವಳು. ಔಷಧ ಕೊಡುವುದಕ್ಕೆ ಮಾತ್ರ ಸರಕಾರ ನನಗೆ ಇಲ್ಲಿರಲು ಪರವಾನಗಿ ಕೊಟ್ಟಿದೆ. ನನ್ನ ಧರ್ಮ ನನ್ನ ಹತ್ತಿರ ಇರುತ್ತದೆ, ನಿಮ್ಮದು ನಿಮ್ಮ ಹತ್ತಿರ ಇರಲಿರಿ."

ಊರವರು ಹೂಂ ಅಂದರು. ಕಣ್ಣಬೇನೆ, ಹುಣ್ಣು, ನಾರುಹುಣ್ಣು, ಎಲ್ಲಕ್ಕೂ ಆಕೆ ಕೈ ಹಚ್ಚಿದಳು. ಅಸಹ್ಯಪಡಲಿಲ್ಲ. ಅದನ್ನು ಇಲ್ಲ ಅಂದರೆ ನನ್ನ ನಾಲಗೆಗೆ ಹುಳ ಬಿದ್ದೀತು.

ಆದರೆ ನನ್ನ ಅತ್ತೆ! ಯಾರನ್ನೂ ಮೆಚ್ಚದ ಆ ಹೆಂಗಸು ಆಕೆಗೆ ಮರುಳಾಗಿಬಿಟ್ಟಳು. ಒಂದು ಹೆರಿಗೆಯಲ್ಲಿ ಇಬ್ಬರೂ ಕೂಡಿದರಂತೆ. ಅಡ್ಡಬಿದ್ದ ಕೂಸನ್ನು ಸಿಸ್ಟರ್ ಬಾಯಿಯೇ ತಿರುಗಿಸಿ ತೆಗೆದಳಂತೆ. ಮನೆಗೆ ಬಂದ ಅತ್ತೆ ಕಾಲು ತೊಳೆಯುವ ಮೊದಲೇ ಶುರುಮಾಡಿದಳು: "ಏನು ಕೈ ಅಂತೀ ನೀಲಾ! ಹತ್ತಿ ಹಿಂಜಿದಂಗ! ಅಷ್ಟು ಹಗರ!"

ನಾನು ರೊಟ್ಟಿ ಬಡಿಯುತ್ತಿದ್ದೆ. ಆ ರೊಟ್ಟಿ ಹರಿಯಿತು.

ಆಮೇಲೆ ದಿನಾ ಅದೇ. ಬಾಯಿ ಬಂದರೆ ಒಲೆಯ ಹತ್ತಿರದ ಮಣೆ ಆಕೆಗೆ. ಉಬ್ಬಿದ ಮೊದಲ ರೊಟ್ಟಿ ಆಕೆಗೆ, ಮೇಲೆ ಬೆಣ್ಣೆ. ನನಗೆ ಆರಿದ ರೊಟ್ಟಿ, ಮೇಲೆ ಬೈಗಳು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುವುದನ್ನು ನಾನು ಆ ವರ್ಷ ಕಣ್ಣಾರೆ ಕಂಡೆ. ಅತ್ತೆಯ ಹತ್ತಿರ ಬೇರು, ಕಾಯಿ, ಬಜೆ, ಹಿಪ್ಪಲಿ ಇಟ್ಟ ಒಂದು ಕಟ್ಟಿಗೆಯ ಪೆಟ್ಟಿಗೆ ಇತ್ತು. ಮದುವೆಯಾಗಿ ಬಂದಾಗಿನಿಂದ ನಾನು ಅದರ ಧೂಳು ಒರೆಸಿದ್ದೆನೇ ಹೊರತು ಒಳಗೆ ಇಣುಕಿರಲಿಲ್ಲ. ಅದನ್ನು ಬಾಯಿಯ ಮುಂದೆ ತೆರೆದಿಟ್ಟು ಒಂದೊಂದೇ ಬೇರು ಮೂಸಿ ತೋರಿಸಿದಳು. ನಾನು ಬಾಗಿಲ ಮರೆಯಲ್ಲಿ ನಿಂತು ಕಣ್ಣೊರೆಸಿಕೊಂಡೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಆ ಗಿಡ ನಾನೇ.

"ಆಕಿ ಬ್ಯಾರೆ ಜಾತ್ಯಾಕಿ, ಒಲಿತನಕ ಕರೀತೀರಲ್ರಿ ಅತ್ತಿ" ಅಂತ ಒಮ್ಮೆ ಚುಚ್ಚಿದೆ.

ಅತ್ತೆ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ಮನಿ ಬಿಟ್ಟಾಳ, ಮಠ ಬಿಟ್ಟಾಳ, ಮೈಮ್ಯಾಲೆ ಗುಂಜಿ ಬಂಗಾರಿಲ್ಲ, ಕೊಟ್ಟದ್ದು ಉಣ್ತಾಳ, ಮಂದಿ ಸೇವಾ ಮಾಡ್ತಾಳ. ಜಂಗಮ ಅಂದ್ರ ಮತ್ತ್ಯಾರು? ನಿನಗ ಆಗೂದಿದ್ರ ನೀನೂ ಆಗು."

ನನಗೆ ಆಗ ದಿನ ತುಂಬುತ್ತ ಬಂದಿತ್ತು. ಹೊಟ್ಟೆಯಲ್ಲಿ ಕೂಸು, ಅದರ ಪಕ್ಕದಲ್ಲೇ ಕಿಚ್ಚು.

ಹಸ್ತದ ಮಳೆ ಹಿಡಿದಿತ್ತು. ಎರೆಹೊಲಕ್ಕೆ ಕಾಲಿಟ್ಟರೆ ಕಾಲು ಹೊರಗೆ ಬಾರದಂಥ ಕೆಸರು, ಭೀಮೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಒಂದು ಮಧ್ಯಾಹ್ನ ನನಗೆ ಬ್ಯಾನೆ ಶುರುವಾಯಿತು. ಅತ್ತೆ ಮೊದಲು ಮಾಡಿದ ಕೆಲಸವೆಂದರೆ ನನ್ನ ಗಂಡನನ್ನು ಮೌಲಾಸಾಬರ ಮನೆಗೆ ಓಡಿಸಿದ್ದು.

"ಅತ್ತಿ, ನೀವ ಸಾಕ್ರಿ, ಆಕಿ ಬ್ಯಾಡ" ಅಂತ ಗೋಗರೆದೆ.

"ಸುಮ್ಮಕ ಬೀಳು. ನಿನ್ನ ಸಿಟ್ಟು ಹಡದ ಮ್ಯಾಲೆ ತೋರ್ಸು."

ಬಾಯಿ ಬಂದಳು, ಕೆಂಪು ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದಳು. ಆ ವಾಸನೆಯಲ್ಲೇ ನಾನು ಹಡೆದೆ. ಹೆಣ್ಣು. ಕರುಳಬಳ್ಳಿ ಕೊರಳಿಗೆ ಸುತ್ತಿಕೊಂಡು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ ಕೂಸು. ಅಳಲಿಲ್ಲ. ಅತ್ತೆ ಹಿತ್ತಾಳೆಯ ತಾಟು ತಂದು ಕೂಸಿನ ಕಿವಿಯ ಹತ್ತಿರ ಸೌಟಿನಿಂದ ಬಾರಿಸಿದಳು. ನಮ್ಮ ಕಡೆ ಹಾಗೆ ಬಾರಿಸಿ ಜೀವ ಕರೆಯುತ್ತಾರೆ. ಸಿಸ್ಟರ್ ಬಾಯಿ ಕೂಸಿನ ಗಂಟಲೊಳಗಿನ ನೀರು ತೆಗೆದಳು, ಬೆನ್ನು ತಿಕ್ಕಿದಳು, ತನ್ನ ಉಸಿರು ಊದಿದಳು. ಮತ್ತೆ ಊದಿದಳು. ಕೂಸು ಮಿಸುಕಲಿಲ್ಲ.

ಆಗ ನೋಡಿದೆ. ಕಾಸಿ ಆರಿಸಿಟ್ಟ ನೀರಿನ ಬಟ್ಟಲಿಗೆ ಆಕೆ ಕೈ ಅದ್ದಿದಳು. ಅತ್ತೆ ತಾಟಿನ ಗದ್ದಲದಲ್ಲಿದ್ದಳು. ಬಾಯಿ ಕೂಸಿನ ಹಣೆಗೆ ಮೂರು ಸಲ ನೀರು ಬಿಟ್ಟಳು, ಆಕೆಯ ತುಟಿ ಅಲುಗಿದವು. ಮಾತು ಕೇಳಿಸಲಿಲ್ಲ. ಕೇಳಿಸುವ ಅಗತ್ಯವೂ ಇರಲಿಲ್ಲ. ವಿಜಾಪುರದಲ್ಲಿ ನನ್ನ ಪಕ್ಕ ಕೂಡುತ್ತಿದ್ದ ಹುಡುಗಿಯ ತಮ್ಮನಿಗೆ ಇಗರ್ಜಿಯಲ್ಲಿ ಹೀಗೆಯೇ ಮಾಡಿದ್ದನ್ನು ಕಂಡಿದ್ದೆ. ಅದು ಕ್ರಿಸ್ತನ ಮತಕ್ಕೆ ಸೇರಿಸುವ ನೀರು.

ಮತ್ತೊಮ್ಮೆ ಉಸಿರು ಊದಿದಳು. ಕೂಸು ಕಿಟಾರನೆ ಚೀರಿತು.

"ಯವ್ವಾ, ಶಿವನ!" ಅತ್ತೆ ತಾಟು ಬಿಸಾಕಿ ಬಾಯಿಯ ಕಾಲು ಹಿಡಿದುಕೊಂಡಳು. ನೀರು ಬಿಟ್ಟದ್ದನ್ನು, ತುಟಿ ಅಲುಗಿದ್ದನ್ನು ತಾಟು ಬಾರಿಸುತ್ತಲೇ ಅತ್ತೆಯೂ ಕಂಡಿದ್ದಳು. ಕಂಡು, ತನಗೆ ತಿಳಿದ ಹಾಗೆ ಅರ್ಥ ಮಾಡಿಕೊಂಡಿದ್ದಳು. "ಪಾದೋದಕ ಹಾಕಿ ಜೀವ ತಂದ್ರಿ ನಮ್ಮವ್ವ!" ಅಂದಳು. ನಮ್ಮಲ್ಲಿ ಜಂಗಮರ ಪಾದ ತೊಳೆದ ನೀರು ಅಂದರೆ ತೀರ್ಥ, ಅದಕ್ಕಿಂತ ದೊಡ್ಡ ಮದ್ದಿಲ್ಲ. ಸಂಜೆ ಮಠದ ಅಯ್ಯನವರು ಬಂದು ಕೂಸಿಗೆ ಪಾದೋದಕ ಹಾಕಿ, ಲಿಂಗ ಕಟ್ಟಿ ಹೋದರು. ಒಂದೇ ದಿನ ನನ್ನ ಮಗಳಿಗೆ ಎರಡೂ ಕಡೆಯ ನೀರು ಬಿತ್ತು.

ಕೂಸನ್ನು ನೋಡಲಿಕ್ಕೆ ಬಾಯಿ ಮತ್ತೆ ಬಂದ ದಿನ ಅತ್ತೆ ಹಿತ್ತಲಲ್ಲಿದ್ದಳು. ನಾನು ಮಗಳನ್ನು ಸೆರಗಿನೊಳಗೆ ಎಳೆದುಕೊಂಡೆ.

"ಬಾಯಾರ, ಅವತ್ತು ನನ್ನ ಮಗಳ ಹಣಿಗೆ ಹಾಕಿದ್ರಲ್ಲ, ಅದು ಎಂಥಾ ನೀರ್ರಿ?"

ಆಕೆಯ ಕೆಂಪು ಮುಖ ಬಿಳಿಚಿಕೊಂಡಿತು. "ನಿಮಗೆ ಗೊತ್ತಿದೆಯೇನು?"

"ಮಿಶನ್ ಸಾಲ್ಯಾಗ ಓದೇನಿ."

ಆಕೆ ನೆಲದ ಮೇಲೆ ಕೂತಳು, ಮಣೆ ಹಾಕಿಕೊಳ್ಳದೆ. "ಮಗು ಸಾಯುತ್ತಿತ್ತು ನೀಲವ್ವ. ಅದರ ಆತ್ಮದ ಗತಿ ಏನು ಅನ್ನುವುದೊಂದೇ ಆಗ ನನ್ನ ತಲೆಯಲ್ಲಿತ್ತು."

"ನನಗ ಎಚ್ಚರ ಇತ್ತಲ್ರಿ. ಒಂದು ಮಾತು ಕೇಳಾಕ ಏನಾಗಿತ್ತು?"

"ಕೇಳಿದ್ದರೆ ಬೇಡ ಅನ್ನುತ್ತಿದ್ದಿರಿ."

"ಅಂತಿದ್ದೆ. ಹಂಗಾರ ನೀವು ಕೊಟ್ಟಿಲ್ಲರಿ, ಕದ್ದೀರಿ."

"ನಾನು ನಂಬಿದ್ದು ಸುಳ್ಳಲ್ಲ" ಅಂದಳು ಮೆಲ್ಲಗೆ.

"ಸುಳ್ಳು ಅಂತ ಯಾರಂದ್ರು? ಖರೇನ ಇರ್ಲಿ. ಖರೇ ಇದ್ದದ್ದನ್ನ ಕಳ್ಳತನ್ಲೆ ಯಾಕ ಕೊಡಬೇಕು? ಮತ್ತ ಸರಕಾರಕ್ಕೂ ಒಂದು ಮಾತು ಕೊಟ್ಟು ಬಂದೀರಿ. ನಮಗೂ ಕಟ್ಟಿಮ್ಯಾಲೆ ಹೇಳೀರಿ."

ಆಕೆ ಅಂದಳು: "ನಾನು ಇಲ್ಲಿ ಇರಬೇಕು ಅಂದರೆ ಬಾಯಿ ಮುಚ್ಚಿಕೊಂಡಿರಬೇಕು. ಮುಚ್ಚಿಕೊಂಡೇ ಇದ್ದರೆ, ಅಷ್ಟು ದೂರದಿಂದ ಯಾಕೆ ಬಂದೆ ಅಂತ ನನಗೇ ತಿಳಿಯುವುದಿಲ್ಲ. ಹುಣ್ಣಿಗೆ ಮುಲಾಮು ಹಚ್ಚುವಾಗೆಲ್ಲ ನನ್ನ ಮನಸ್ಸಿನಲ್ಲಿ ಇನ್ನೊಂದು ಆಸೆ ಇರುತ್ತದೆ. ಅದು ಪಾಪವೋ ಪ್ರೀತಿಯೋ, ನೀವೇ ಹೇಳಿರಿ."

ಆಕೆ ಊದಿದ ಉಸಿರಿನಿಂದಲೇ ನನ್ನ ಮಗಳು ನನ್ನ ಎದೆಗೆ ಬಾಯಿ ಹಚ್ಚಿ ಚಪ್ಪರಿಸುತ್ತಿದ್ದಳು. ಹಾಗಂತ ಋಣಿಯಾಗಿ ಕೈಮುಗಿಯುವ ಮನಸ್ಸೂ ಆಗಲಿಲ್ಲ. ಬದಲಿಗೆ, ಹೇಳಿಯೇಬಿಡುತ್ತೇನೆ, ಒಳಗೊಳಗೇ ಒಂದು ಖುಷಿ ಹುಟ್ಟಿತು. ಅತ್ತೆಯ ಜಂಗಮಳ ಜುಟ್ಟು ಈಗ ನನ್ನ ಕೈಯಲ್ಲಿತ್ತು.

ಅತ್ತೆಗೆ ಯಾಕೆ ಹೇಳಲಿಲ್ಲ ಅಂತ ಕೇಳಿದರೆ ಕಾರಣ ಸಣ್ಣದು. ಹೇಳಿದರೆ ಆಕೆ "ನಿನ್ನ ಹೊಟ್ಟಿಕಿಚ್ಚು ಮಾತಾಡಾಕತ್ತೈತಿ" ಅನ್ನುತ್ತಿದ್ದಳು. ಆ ಮಾತು ನಿಜವಾದ್ದರಿಂದಲೇ ನನಗೆ ಅದನ್ನು ಕೇಳಿಸಿಕೊಳ್ಳುವುದು ಬೇಕಿರಲಿಲ್ಲ.

ಆದರೆ ಊರು ಸುಮ್ಮನಿರಬೇಕಲ್ಲ. ಬಾಯಿ ಹಾಕಿದ ನೀರಿನಿಂದ ಸತ್ತ ಕೂಸು ಎದ್ದಿತು ಅಂತ ಅತ್ತೆಯೇ ಬಾವಿಕಟ್ಟೆಯಲ್ಲಿ, ಗಿರಣಿಯಲ್ಲಿ ಸಾರಿಬಂದಳು. ಬಾಣಂತಿಯರ ಸಾಲು ಶುರುವಾಯಿತು. ಕೂಸು ಗಟ್ಟಿಮುಟ್ಟಾಗಿದ್ದರೂ ಎತ್ತಿಕೊಂಡು ಬಂದು "ಬಾಯಾರ, ಗುರಬಸವ್ವನ ಮೊಮ್ಮಗಳಿಗೆ ಹಾಕಿದ ನೀರು ನಮ್ಮ ಕೂಸಿಗೂ ಹಾಕ್ರಿ" ಅನ್ನುವುದು.

ಬಾಯಿ ಒಬ್ಬರಿಗೂ ಹಾಕಲಿಲ್ಲ. "ಅದು ಔಷಧವಲ್ಲ" ಅನ್ನುತ್ತಿದ್ದಳು. ಬೇಡುವವರಿಗೆ ತಾವು ಏನು ಬೇಡುತ್ತಿದ್ದೇವೆ ಅಂತ ತಿಳಿದಿರಲಿಲ್ಲ. ಇಡೀ ಊರು ತಾನಾಗಿಯೇ ಮಕ್ಕಳ ಹಣೆ ಒಡ್ಡಿ ನಿಂತಿತ್ತು, ಆಕೆ ಕೈ ಹಿಂದೆ ಕಟ್ಟಿಕೊಂಡಿದ್ದಳು. ಬೇಕಾಗಿದ್ದರೆ ಒಂದೇ ತಿಂಗಳಲ್ಲಿ ನಮ್ಮೂರಿನ ತೊಟ್ಟಿಲುಗಳನ್ನೆಲ್ಲ ತನ್ನ ಕಡೆ ಮಾಡಿಕೊಳ್ಳಬಹುದಿತ್ತು. ಮಾಡಲಿಲ್ಲ. ಇದನ್ನು ನಾನೊಬ್ಬಳೇ ಬಲ್ಲೆ, ಬಲ್ಲೆನಲ್ಲ ಅಂತ ಮತ್ತಷ್ಟು ಉರಿದುಕೊಂಡೆ. ಕೆಟ್ಟವಳಾಗಿದ್ದರೆ ದ್ವೇಷಿಸುವುದಾದರೂ ಸಲೀಸಾಗುತ್ತಿತ್ತು.

ಎಳ್ಳ ಅಮವಾಸ್ಯೆಗೆ ಹೊಲಕ್ಕೆ ಎಡೆ ಎರಚಿ ಚರಗ ಚೆಲ್ಲಲು ಬಂಡಿ ಕಟ್ಟಿದೆವು. ಜೋಳ ಎದೆಮಟ್ಟ ನಿಂತಿತ್ತು. ಅತ್ತೆ ಮುಂದೆ, ಅತ್ತೆಯ ಪಕ್ಕ ಬಾಯಿ. ನಾನು ಮಗಳನ್ನು ಎತ್ತಿಕೊಂಡು ಹಿಂದೆ, ಭಜ್ಜಿ ಪಲ್ಯದ ಗಡಿಗೆಯ ಜೊತೆ. ಹೊಲದಲ್ಲಿ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ ಉಂಡಾದ ಮೇಲೆ ನೆರೆಹೊಲದ ಒಬ್ಬಳು ತನ್ನ ಕೂಸನ್ನು ತಂದು ಬಾಯಿಯ ಮಡಿಲಲ್ಲಿಟ್ಟಳು. ಬಾಯಿ ಮತ್ತೆ ಆಗುವುದಿಲ್ಲ ಅಂದಳು. ಅತ್ತೆಗೆ ಅವಮಾನವಾಯಿತು.

"ನಮ್ಮ ಮನಿ ಕೂಸಿಗೆ ಹಾಕಿದ್ರಿ, ಬಡವರ ಕೂಸಿಗ್ಯಾಕಿಲ್ರಿ?"

ಬಾಯಿ ನನ್ನ ಕಡೆ ನೋಡಿದಳು. ಅತ್ತೆಯೂ ಆಕೆಯ ಕಣ್ಣು ಹಿಡಿದು ನನ್ನ ಕಡೆ ತಿರುಗಿದಳು. "ಇಕಿ ಏನೋ ಹೇಳ್ಯಾಳ ನಿಮಗ. ಗೊತ್ತೈತಿ ನನಗ ಇಕಿ ಬುದ್ಧಿ" ಅಂದಳು.

ನೀರು ಸಿಗದ ಹೆಂಗಸರು ಸಿಂದಗಿ ಸಂತೆಯಲ್ಲಿ ಮಾತಾಡಿಕೊಂಡರು. ಮಾತು ಕಾಲು ಕಟ್ಟಿಕೊಂಡು ಕಚೇರಿಯವರೆಗೆ ಹೋಯಿತು. ಸುಗ್ಗಿಯ ಸುಮಾರಿಗೆ ಪೊಲೀಸ್ ಫೌಜದಾರರು ಸೈಕಲ್ ಏರಿ ಬಂದು ಮೌಲಾಸಾಬರ ಕಟ್ಟೆಯ ಮೇಲೆ ಕೂತರು. ಒರಟರಲ್ಲ, ಸಮಾಧಾನದ ಮನುಷ್ಯ. ಸುತ್ತ ಊರೇ ನೆರೆಯಿತು.

"ಈ ಬಾಯಾರು ಯಾರನ್ನರ ತಮ್ಮ ಮತಕ್ಕ ಕರದಾರೇನು?" ಅಂತ ಕೇಳಿದರು.

"ಈ ಕಟ್ಟಿ ಮ್ಯಾಲೆ ನಾ ದಿನಾ ಕುಂಡ್ರತೇನ್ರಿ ಸಾಹೇಬ್ರ, ಒಂದು ದಿನಾ ಅಂಥಾ ಮಾತು ಕಿವೀಗೆ ಬಿದ್ದಿಲ್ಲ" ಅಂದರು ಮೌಲಾಸಾಬರು.

ಅಷ್ಟಕ್ಕೆ ಮುಗಿಯುತ್ತಿತ್ತು. ಆದರೆ ನನ್ನ ಅತ್ತೆ ತನ್ನ ಜಂಗಮಳ ಹಿರಿಮೆ ಸಾರದೆ ಇದ್ದಾಳೆಯೇ? ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಅಂಥಾ ತಾಯಿ ಮ್ಯಾಲೆ ಏನು ಚಾಡಿ ಹೇಳ್ಯಾರ್ರಿ? ನನ್ನ ಮೊಮ್ಮಗಳು ಸತ್ತ ಹುಟ್ಟಿದ್ದಳು. ಇವ್ರು ಹಣಿಗೆ ಮೂರು ಸಲ ನೀರು ಬಿಟ್ಟು ಏನೋ ಮಂತ್ರ ಅಂದ್ರು ನೋಡ್ರಿ, ಕೂಸು ಕಿಟಾರಂತು! ಊರ ಮಂದಿಗೆಲ್ಲ ಬೇಕಾಗೇತಿ ಆ ನೀರು!"

ಫೌಜದಾರರ ಮುಖ ಬದಲಾಯಿತು. ಬಾಯಿ ಕಣ್ಣು ಮುಚ್ಚಿಕೊಂಡಳು.

"ಅಜ್ಜಿ, ಅದು ಮದ್ದಲ್ಲ. ಹಂಗ ನೀರು ಹಾಕಿದ್ರ ನಿನ್ನ ಮೊಮ್ಮಗಳನ್ನ ಅವರ ಮತಕ್ಕ ಸೇರಿಸಿದಂಗ."

"ನೀರಿನಾಗ ಮತ ಎಲ್ಲಿರತೈತ್ರಿ ಸಾಹೇಬ್ರ? ಭೀಮಿ ನೀರು, ಕಾಸಿದ್ದು ನಮ್ಮ ಒಲಿ, ಬಟ್ಟಲಾ ನಮ್ಮದು."

ಯಾರೋ ನಕ್ಕರು. ಫೌಜದಾರರು ನಗಲಿಲ್ಲ. ಅವರು ನನ್ನ ಕಡೆ ತಿರುಗಿದರು. "ನೀ ಕೂಸಿನ ತಾಯಿ. ಓದಿದಾಕಿ ಅಂತ ಕೇಳೇನಿ. ನೀ ಹೇಳವಾ, ಖರೇ ಏನು? ನಿನ್ನ ಒಪ್ಪಿಗಿ ಇತ್ತೇನು?"

ಎಲ್ಲರ ಕಣ್ಣು ನನ್ನ ಮೇಲೆ. ಅತ್ತೆಯದೂ. ಇಲ್ಲ ಅಂದರೆ ಬಾಯಿಯ ಗಂಟುಮೂಟೆ ಕಟ್ಟಿದ ಹಾಗೆ. ಹೌದು ಅಂದರೆ ಆಕೆ ಉಳಿಯುತ್ತಾಳೆ, ನನ್ನ ಮಣೆಯ ಮೇಲೆ, ನನ್ನ ಅತ್ತೆಯ ಪಕ್ಕದಲ್ಲಿ. ಮತ್ತೆ ಆ ಹೌದು ಸುಳ್ಳಾಗುತ್ತದೆ. ನಾನು ಯಾವುದನ್ನು ಹೇಳುತ್ತಿದ್ದೆ? ಇವತ್ತಿಗೂ ನನಗೆ ತಿಳಿಯದು, ಯಾಕೆಂದರೆ ನಾನು ಬಾಯಿ ತೆರೆಯುವ ಮೊದಲೇ ಆಕೆ ಎದ್ದು ನಿಂತಳು.

"ಒಪ್ಪಿಗೆ ಇರಲಿಲ್ಲ. ನಾನು ಕೇಳಲಿಲ್ಲ. ನಾನು ಮಾತು ಕೊಟ್ಟು ಬಂದವಳು, ಆ ಮಾತು ಮುರಿದೆ. ಈ ಮನೆಯವರ ತಪ್ಪು ಏನೂ ಇಲ್ಲರಿ."

ನೋಡಿದಿರಾ? ನಿಜ ಹೇಳುವ ಅವಕಾಶವೂ ಆಕೆಗೇ ಹೋಯಿತು. ಊರ ಮುಂದೆ ನನಗೆ ಬಂದಿದ್ದ ಅದೊಂದು ಗಳಿಗೆಯನ್ನೂ ಆಕೆ ಎತ್ತಿಕೊಂಡಳು, ಅದೂ ಎಷ್ಟು ಹಗುರವಾಗಿ!

ಪರವಾನಗಿ ಮುಂದುವರಿಯಲಿಲ್ಲ. ಹೊರಡುವ ದಿನ ಅತ್ತೆ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಹೊತ್ತು ಸಿಂದಗಿಯ ಬಸ್ಸಿನವರೆಗೆ ನಡೆದಳು. ನಾನೂ ಮಗಳನ್ನೆತ್ತಿಕೊಂಡು ಹೋದೆ. ಆಕೆ ತನ್ನ ಕತ್ತರಿಯನ್ನು, ನನ್ನ ಮಗಳ ಕರುಳಬಳ್ಳಿ ಕತ್ತರಿಸಿದ ಕತ್ತರಿಯನ್ನು, ಅತ್ತೆಯ ಕೈಯಲ್ಲಿಟ್ಟಳು. ಆಮೇಲೆ ನನ್ನ ಮುಂದೆ ಬಂದು ನಿಂತಳು.

"ಕೇಳಬೇಕಾಗಿತ್ತು ನೀಲವ್ವ" ಅಂದಳು. ನಂತರ ಮಗಳ ಕಡೆ ಕೈ ಚಾಚಿ, ಅರ್ಧದಲ್ಲೇ ನಿಲ್ಲಿಸಿ, ಕೇಳಿದಳು: "ಮುಟ್ಟಲೇನು?"

ನಾನು ಮಗಳನ್ನು ಆಕೆಯ ಕೈಗೆ ಕೊಟ್ಟೆ. ಕೂಸು ಆಕೆಯ ಶಿಲುಬೆ ಹಿಡಿದುಕೊಂಡು ನಕ್ಕಿತು. ಅದಕ್ಕೂ ಉರಿದುಕೊಂಡೆ ಅಂತ ಬೇರೆ ಹೇಳಬೇಕೇ?

ಆಕೆ ಹೋದ ಮೇಲೆ ಆ ಕತ್ತರಿ ಅತ್ತೆಯ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಕೂತಿತು. ಅತ್ತೆಗೆ ಕಣ್ಣು ಮಬ್ಬಾಗುತ್ತ ಬಂತು, ಬೇರೆ ದಾರಿಯಿಲ್ಲದೆ ಕೂಸು ಹಿಡಿಯುವ ಕೆಲಸ ನನಗೆ ಬಂತು. ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದಳು, ಬೈಯುತ್ತಿದ್ದಳು. ನಾನು ಕೆಂಪು ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡೇ ಒಳಗೆ ಹೋಗುತ್ತಿದ್ದೆ. ಆದರೂ ಪ್ರತಿ ಹೆರಿಗೆಯಾದ ಮೇಲೆ ಅದೇ ಮಾತು: "ಭಾರ ಐತಿ ಕೈ. ಆ ಬಾಯಾರದು ನೋಡಬೇಕಿತ್ತು."

ಕೆಲವು ವರ್ಷ ಕಳೆದು ಅತ್ತೆ ಹಾಸಿಗೆ ಹಿಡಿದಳು. ಒಂದು ಮುಂಜಾನೆ ಅಯ್ಯನವರು ಬಂದು ಪಾದೋದಕ ಕೊಟ್ಟು, ವಿಭೂತಿ ಹಚ್ಚಿ ಹೋದರು. ಇನ್ನೇನೂ ಉಳಿದಿಲ್ಲ ಅಂದುಕೊಂಡಿದ್ದೆವು. ಅತ್ತೆ ಕೈಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದಳು.

"ನೀಲಾ, ಆ ಬಾಯಾರು ಕೂಸಿಗೆ ಹಾಕಿದ್ರಲ್ಲ, ಹಂಗ ನನ್ನ ಹಣಿಗೂ ನೀರು ಹಾಕು."

"ಅದು ಏನಂತ ಫೌಜದಾರ್ರು ಹೇಳಿದ್ದು ಮರ್ತಿರೇನ್ರಿ ಅತ್ತಿ?"

"ಮಂತ್ರ ಬ್ಯಾಡ. ಕೈಯಷ್ಟ ಸಾಕು."

ಸಾಯುವಾಗಲೂ ಆ ಬಾಯಿಯ ಕೈಯೇ! ಕಣ್ಣಲ್ಲಿ ನೀರು, ಹೊಟ್ಟೆಯಲ್ಲಿ ಬೆಂಕಿ, ಎರಡೂ ಒಟ್ಟಿಗೇ ಬಂದವು. ಎದ್ದು ಹೋಗಿ ಸಾಬೂನು ಹಚ್ಚಿ ಕೈ ತೊಳೆದೆ. ಕಾಸಿ ಆರಿಸಿದ ನೀರು ಅದೇ ಬಟ್ಟಲಿನಲ್ಲಿ ತಂದೆ. ಪಕ್ಕದಲ್ಲಿ ಕೂತು, ಆ ಬಾಯಿ ಮಾಡದಿದ್ದದ್ದನ್ನು ನಾನು ಮೊದಲು ಮಾಡಿದೆ.

"ಹಾಕ್ಲೇನ್ರಿ ಅತ್ತಿ?"

"ಹಾಕು."

ಮೂರು ಸಲ ಬಿಟ್ಟೆ. ಹಣೆಯ ವಿಭೂತಿ ಕರಗಿ ಕೂದಲಿನ ಕಡೆಗೆ ಹರಿಯಿತು. ನಾನು ಅದನ್ನು ಸೆರಗಿನಿಂದ ಒತ್ತಿದೆ. ಅತ್ತೆಯ ಕಣ್ಣು ಮುಚ್ಚಿದ್ದವು.

"ಕೈ ಹಗರ ಐತಿ" ಅಂದಳು.

ಆ ಹೊತ್ತಿಗೆ ಆಕೆಯ ಮುಚ್ಚಿದ ಕಣ್ಣಿನ ಮುಂದೆ ಕೂತವಳು ನಾನಿದ್ದೆನೋ, ಸಿಸ್ಟರ್ ಬಾಯಿ ಇದ್ದಳೋ. ಯಾರ ಕೈ ಅತ್ತಿ, ಅಂತ ನಾಲಗೆಯ ತುದಿಗೆ ಬಂತು. ಉಸಿರು ಇನ್ನೂ ಇತ್ತು, ಕೇಳಿದ್ದರೆ ಹೇಳುತ್ತಿದ್ದಳು.

ಕೇಳಲಿಲ್ಲ. ಆ ಒಂದು ಮಾತನ್ನು ಮಾತ್ರ ನಾನೂ ಕೇಳದೆಯೇ ತೆಗೆದುಕೊಂಡೆ.